ಲಿಫ್ಟ್ ಆಮೇಲೆ, ಮೊದಲು ನೆಲ ನೋಡ್ರಿ

(ನಮ್ಮ ಚಾನೆಲ್‌ನಲ್ಲಿ ಬಂದ ಮಾತಿನ ಬರಹರೂಪ. ಆಡುಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇವೆ.)



ನಾನು ಧಾರವಾಡದವನು. ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಕೋಡ್ ಬರೆದೆ. ಆಮೇಲೆ ಹೆಂಡತಿಗೆ ನಾಶಿಕ್‌ನಲ್ಲಿ ಕೆಲಸ ಸಿಕ್ತು, ನನ್ನದು ಹೇಗಿದ್ರೂ ಮನೆಯಿಂದ ಮಾಡೋ ಕೆಲಸ, ಹಾಗಾಗಿ ಲ್ಯಾಪ್‌ಟಾಪ್ ಎತ್ಕೊಂಡು ಅವಳ ಹಿಂದೆ ಬಂದೆ. ಈ ಚಾನೆಲ್‌ನಲ್ಲಿ ಸಾಮಾನ್ಯವಾಗಿ ವೀಸಾ, ಮನೆಸಾಲ, ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸೋದು ಹೇಗೆ, ಇಂಥ ವಿಷಯ ಬರ್ತವೆ. ನಾನು ಇವತ್ತು ಮಾತಾಡೋದು ಮನೆಯಲ್ಲಿ ಕಾರ್ ಎತ್ತೋ ಲಿಫ್ಟ್ ಬಗ್ಗೆ. ಸಂಘಟಕರು ಫೋನ್‌ನಲ್ಲಿ ಎರಡು ಸಲ ಕೇಳಿದ್ರು, "ಅಪಾರ್ಟ್‌ಮೆಂಟ್ ಲಿಫ್ಟಾ ಸರ್?" ಅಂತ. (ನಗು)

ಅಲ್ಲ. ಗಾಡಿ ಎತ್ತೋದು. ಗ್ಯಾರೇಜಿನಲ್ಲಿ ಇರುತ್ತಲ್ಲ, ಅದು.

ನಮ್ಮಪ್ಪನ ಹತ್ರ 2006ರ ಒಂದು ಬೊಲೆರೊ ಇದೆ. ನವಲಗುಂದದ ಕಡೆ ನಮ್ಮ ಹೊಲ. ಹತ್ತಿ, ಕಡಲೆ, ಗೊಬ್ಬರದ ಚೀಲ, ಊರಲ್ಲಿ ಯಾರಿಗಾದ್ರೂ ಹೆರಿಗೆ ನೋವು, ಎಲ್ಲದಕ್ಕೂ ಅದೇ ಗಾಡಿ. ಅವ್ವ ತೀರಿಕೊಂಡ ಮೇಲೆ ಅಪ್ಪ ನಮ್ಮ ಜೊತೆ ಇರೋಕೆ ಒಪ್ಪಿದ್ರು, ಒಂದೇ ಷರತ್ತು: ಗಾಡಿನೂ ಬರಬೇಕು. ಧಾರವಾಡದಿಂದ ನಾನೇ ಓಡಿಸ್ಕೊಂಡು ಬಂದೆ. ಬೊಲೆರೊ ತಯಾರಾಗೋದು ನಾಶಿಕ್‌ನ ಮಹೀಂದ್ರಾ ಕಾರ್ಖಾನೆಯಲ್ಲಿ ಅಂತ ಅಪ್ಪನಿಗೆ ಗೊತ್ತಿತ್ತು. ಊರ ಹತ್ರ ಬರ್ತಿದ್ದಂತೆ ಡ್ಯಾಶ್‌ಬೋರ್ಡ್ ತಟ್ಟಿ, "ತವರಿಗೆ ಬಂದಿ ನೋಡವಾ" ಅಂದ್ರು.

ತವರಿಗೆ ಬಂದ ಮಗಳು ಬಂದ ಮೂರೇ ತಿಂಗಳಿಗೆ ಕ್ಲಚ್ ಕೈಕೊಟ್ಟಳು.

ಕ್ಲಚ್ ಬದಲಿಸಬೇಕು ಅಂದ್ರೆ ಗೇರ್‌ಬಾಕ್ಸ್ ಇಳಿಸಬೇಕು. ಗ್ಯಾರೇಜಿಗೆ ಕೊಟ್ಟಿದ್ರೆ ಮುಗೀತಿತ್ತು. ಆದ್ರೆ ನನಗೊಂದು ಚಟ ಹತ್ತಿತ್ತು. ದಿನಾ ಹತ್ತು ತಾಸು ಪರದೆ ನೋಡೋನಿಗೆ ಸಂಜೆ ಕೈಗೆ ಎಣ್ಣೆ ಮಸಿ ಹತ್ತಿದ್ರೆ ಏನೋ ಒಂದು ಸಮಾಧಾನ. ನಿಮ್ಮಲ್ಲೂ ಕೆಲವರು ಹೀಗೇ ಇದ್ದೀರಿ, ಗೊತ್ತು ನನಗೆ. ಕೆಲವರು ಬುಲೆಟ್ ಬಿಚ್ಚಿ ಕೂತಿದ್ದೀರಿ, ಕೆಲವರು ಹಳೇ ಜಿಪ್ಸಿ ತಂದಿಟ್ಟಿದ್ದೀರಿ. ಹಾಗಾಗಿ ಗೇರ್‌ಬಾಕ್ಸ್ ಇಳಿಸೋದು ಆಮೇಲೆ, ಮೊದಲು ಕೆಳಗೆ ಹೋಗಿ ಏನೇನು ಬಿಚ್ಚಬೇಕು ನೋಡೋಣ ಅಂತ ಒಂದು ಭಾನುವಾರ ನಮ್ಮ ರೋಹೌಸ್‌ನ ಪೋರ್ಚ್‌ನಲ್ಲಿ ಗಾಡಿ ಎತ್ತಿದೆ. ಟ್ರಾಲಿ ಜಾಕ್ ಇತ್ತು. ಎರಡು ಸ್ಟ್ಯಾಂಡ್ ಇತ್ತು, ಇಲ್ಲಿನ ಮೆಕ್ಯಾನಿಕ್‌ಗಳು ಅದನ್ನ ಘೋಡಿ ಅಂತಾರೆ. ಮೂರು ಟನ್ ತಡೀತದೆ ಅಂತ ಅದರ ಮೇಲೆ ಬರೆದಿತ್ತು. ಬೊಲೆರೊ ತೂಕ ಒಂದೂವರೆ ಟನ್ನಿನ ಮೇಲೆ ಸ್ವಲ್ಪ. ಲೆಕ್ಕ ಸರಿ ಇತ್ತು.

ನೆಲ ಮಾತ್ರ ಪಾರ್ಕಿಂಗ್ ಟೈಲ್ಸ್.

ಹದಿನೈದು ನಿಮಿಷ ನಾನು ಗಾಡಿ ಕೆಳಗೆ ಮಲಗಿದ್ದೆ. ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಬ್ಯಾಟರಿ ಹಿಡಿದಿದ್ರು. 17 ನಂಬರ್ ಪಾನಾ ಬೇಕಾಯ್ತು, ಅದು ಒಳಗೆ ಇತ್ತು, ನಾನು ಹೊರಗೆ ಬಂದು ಎದ್ದು ನಿಂತೆ. ಬಾಗಿಲ ಹತ್ರ ಹೋಗಿರ್ಲಿಲ್ಲ, ಹಿಂದಿನಿಂದ "ಟಪ್" ಅಂತ ಸಣ್ಣ ಸದ್ದು. ತೆಂಗಿನಕಾಯಿ ಒಡೆದಂಗೆ. ಆಮೇಲೆ ದೊಡ್ಡ ಸದ್ದು. ಘೋಡಿಯ ಒಂದು ಕಾಲು ಟೈಲ್ ಒಡೆದು ಒಳಗೆ ಇಳಿದಿತ್ತು. ಟೈಲ್ ಕೆಳಗೆ ಪೊಳ್ಳು. ಸಿಮೆಂಟ್ ನಾಲ್ಕು ಮೂಲೆಗೆ ಒಂದೊಂದು ಮುದ್ದೆ ಹಾಕಿ ಕೂರಿಸಿದ್ರು, ನಡುವೆ ಗಾಳಿ. ಸ್ಟ್ಯಾಂಡ್ ವಾಲಿತು, ಗಾಡಿ ಪಕ್ಕಕ್ಕೆ ಜಾರಿ ಬ್ರೇಕ್ ಡ್ರಮ್ ಮೇಲೆ ಕೂತಿತ್ತು. ನನ್ನ ತಲೆ ಇದ್ದ ಜಾಗದಲ್ಲಿ ಚಾಸಿಗೂ ನೆಲಕ್ಕೂ ನಡುವೆ ಒಂದು ಗೇಣು.

ಅಪ್ಪ ಬೈಲಿಲ್ಲ. ಕೈಯಲ್ಲಿ ಬ್ಯಾಟರಿ ಹಾಗೇ ಹಿಡ್ಕೊಂಡು ಕೂತಿದ್ರು, ಬೆಳಕು ಗಾಡಿ ಕೆಳಗೇ ಬೀಳ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಹೇಳಿದ್ರು, "ತಮ್ಮಾ, ಗಾಡಿ ಮಾರಿಬಿಡು." ಹದಿನೆಂಟು ವರ್ಷ ಆ ಗಾಡಿ ಬಗ್ಗೆ ಅವರು ಆ ಮಾತು ಆಡಿರ್ಲಿಲ್ಲ.

ನಾನು ಮಾರಲಿಲ್ಲ. ಲಿಫ್ಟ್ ಹುಡುಕೋಕೆ ಕೂತೆ. ನಮ್ಮಂಥೋರು ಮಾಡೋದೇ ಇದು, ನೋಡ್ರಿ. ಹೆದರಿಕೆ ಆದ್ರೆ ಒಂದು ಎಕ್ಸೆಲ್ ಶೀಟ್ ತೆಗೀತೀವಿ. (ನಗು)

ಶೀಟ್‌ನಲ್ಲಿ ಏನೇನಿತ್ತು ಅಂತ ಹೇಳ್ತೀನಿ, ಯಾಕಂದ್ರೆ ನಿಮಗೆ ಬೇಕಾದ್ದು ಅದೇ.

ಮೊದಲನೇದು ಎರಡು ಕಂಬದ ಲಿಫ್ಟ್. ಎರಡು ಕಡೆ ಕಂಬ, ಪ್ರತಿ ಕಂಬಕ್ಕೆ ಎರಡು ತೋಳು, ತೋಳಿನ ತುದಿಯ ರಬ್ಬರ್ ಪ್ಯಾಡ್ ಮೇಲೆ ಗಾಡಿ. ಚಕ್ರ ನಾಲ್ಕೂ ಗಾಳಿಯಲ್ಲಿ, ನಡುಭಾಗ ಪೂರ್ತಿ ಖಾಲಿ. ಗೇರ್‌ಬಾಕ್ಸ್ ಇಳಿಸೋಕೆ ಇದನ್ನ ಬಿಟ್ರೆ ಇಲ್ಲ. ಮಾರೋದು ಹೆಚ್ಚಾಗಿ 4 ಟನ್‌ದು. ಆದ್ರೆ ಎತ್ತರದ ಲೆಕ್ಕ ಹಾಕ್ರಿ. ಬೊಲೆರೊ ಎತ್ತರ 1880 ಮಿಲಿಮೀಟರ್. ನೀವು ಕೆಳಗೆ ನಿಂತು ಕೆಲಸ ಮಾಡೋಕೆ ಗಾಡಿ 1.8 ಮೀಟರ್ ಮೇಲೆ ಹೋಗಬೇಕು. ಎರಡೂ ಕೂಡಿದ್ರೆ 3.68 ಮೀಟರ್, ಅಂದ್ರೆ ಹನ್ನೆರಡು ಅಡಿ ದಾಟ್ತು. ನನ್ನ ಪೋರ್ಚ್ ಹತ್ತು ಅಡಿ. ಸ್ವಿಫ್ಟ್ ಇದ್ದೋರಿಗೆ ಸ್ವಲ್ಪ ಕಡಿಮೆ ಸಾಕು, ಆದ್ರೂ ಹತ್ತರಲ್ಲಿ ಆಗಲ್ಲ. ಈ ಲಿಫ್ಟ್‌ನಲ್ಲೇ ಎರಡು ಜಾತಿ ಇವೆ. ಎರಡು ಕಂಬ ಜೋಡಿಸೋ ಕೇಬಲ್ ಮತ್ತು ಪೈಪು ಒಂದರಲ್ಲಿ ತಲೆ ಮೇಲಿನ ತೊಲೆಯಲ್ಲಿ ಹೋಗ್ತವೆ, ಇನ್ನೊಂದರಲ್ಲಿ ನೆಲದ ತಗಡಿನ ಕೆಳಗೆ. ಎರಡನೇದರ ಕಂಬ ಗಿಡ್ಡ, ಆದ್ರೆ ನೆಲದಲ್ಲಿ ಎಡವೋ ಪಟ್ಟಿ ಇರುತ್ತೆ. ಚಾವಣಿ ಕಡಿಮೆ ಇದ್ದೋರಿಗೆ ಇದನ್ನ ತೋರಿಸಿ "ಆರಾಮಾಗಿ ಕೂಡ್ತದೆ ಸರ್" ಅಂತಾರೆ. ಕಂಬ ಕೂಡ್ತದೆ, ನಿಜ. ಗಾಡಿ ಎತ್ತಿದಾಗ ಅದರ ತಲೆ ಎಲ್ಲಿಗೆ ಹೋಗ್ತದೆ ಅಂತ ಮಾರೋನು ಹೇಳಲ್ಲ.

ನಾಲ್ಕು ಕಂಬದ್ದು ಇನ್ನೊಂದು. ಗಾಡಿಯನ್ನ ಹಲಗೆ ಮೇಲೆ ಓಡಿಸಿ ಎತ್ತೋದು. ಭಾರ ನಾಲ್ಕು ಕಡೆ ಹಂಚಿ ಹೋಗ್ತದೆ, ನೆಲಕ್ಕೆ ಕಿರಿಕಿರಿ ಕಡಿಮೆ, ಒಂದರ ಮೇಲೊಂದು ಗಾಡಿ ನಿಲ್ಲಿಸ್ಬಹುದು. ಚಕ್ರ ಬಿಚ್ಚಬೇಕಂದ್ರೆ ನಡುವೆ ಇನ್ನೊಂದು ಜಾಕ್ ಬೇಕು. ಜಾಗ ಬಹಳ ತಿಂತದೆ. ರೋಹೌಸ್‌ನಲ್ಲಿ ಇದನ್ನ ಇಟ್ರೆ ನಾವು ಹೊರಗೆ ಮಲಗಬೇಕು.

ಕತ್ತರಿ ಲಿಫ್ಟ್, ಸಿಸರ್ ಅಂತಾರೆ, ಮೀಟರ್ ಆಚೀಚೆ ಎತ್ತೋದು. ಟೈರು, ಬ್ರೇಕಿಗೆ ಬಹಳ ಚೆಂದ. ಆದ್ರೆ ಕತ್ತರಿ ಇರೋದೇ ಗಾಡಿಯ ಹೊಟ್ಟೆ ಕೆಳಗೆ. ಗೇರ್‌ಬಾಕ್ಸ್ ಎಲ್ಲಿ ಇಳೀಬೇಕೋ ಅಲ್ಲೇ ಅದು ಕೂತಿರ್ತದೆ. ಇಲ್ಲೊಂದು ಮಾತು, ನಿಮ್ಮಲ್ಲಿ ಎಲೆಕ್ಟ್ರಿಕ್ ಕಾರ್ ಇರೋರು ಬಹಳ ಜನ. ಅವುಗಳ ಹೊಟ್ಟೆ ತುಂಬ ಬ್ಯಾಟರಿ. ಪ್ಯಾಡ್ ಆಗಲಿ ಹಲಗೆ ಆಗಲಿ ಬ್ಯಾಟರಿ ಪೆಟ್ಟಿಗೆಗೆ ತಾಗಬಾರದು. ಅಂಚಿನಲ್ಲಿ ಕಂಪನಿ ಗುರುತು ಮಾಡಿರೋ ನಾಲ್ಕು ಜಾಗ ಇರ್ತವೆ, ಅಲ್ಲಿ ಮಾತ್ರ. ಯೂಸರ್ ಮ್ಯಾನುಯಲ್ ಅಂತ ಒಂದು ಪುಸ್ತಕ ಕೊಟ್ಟಿರ್ತಾರೆ, ಗ್ಲೋವ್ ಬಾಕ್ಸ್‌ನಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಇರುತ್ತೆ.

ಆಮೇಲೆ ಎತ್ತಿ ಒಯ್ಯೋ ಜೋಡಿ ಫ್ರೇಮು. ಎರಡು ಉದ್ದನೆಯ ಚೌಕಟ್ಟು, ಗಾಡಿಯ ಎರಡು ಅಂಚಿನ ಕೆಳಗೆ ತಳ್ಳೋದು, ಸಣ್ಣ ಪಂಪು, ಅರ್ಧ ಮೀಟರ್ ಎತ್ತುತ್ತೆ. ಕೆಲಸ ಆದ ಮೇಲೆ ಗೋಡೆಗೆ ಒರಗಿಸಿ ಇಡಬಹುದು. ಮಲಗಿಯೇ ಕೆಲಸ ಮಾಡಬೇಕು, ಆದ್ರೆ ನಡುಭಾಗ ಖಾಲಿ ಇರ್ತದೆ, ಮತ್ತೆ ಅದರಲ್ಲಿ ಲಾಕ್ ಇದೆ. ಬೊಲೆರೊ, ಥಾರ್, ಸ್ಕಾರ್ಪಿಯೋ ಥರದ ಚಾಸಿ ಗಾಡಿಗೆ ಚಾಸಿ ನೆಲದಿಂದ ಎತ್ತರ ಇರೋದ್ರಿಂದ ಮೇಲೆ ಎತ್ತರದ ಅಡಾಪ್ಟರ್ ಇಡಬೇಕಾಗುತ್ತೆ, ಅದನ್ನ ಜೊತೆಗೇ ತಗೊಳ್ರಿ. ಸಣ್ಣ ಕಾರಿಗೆ ಅಂಚಿನ ತಗಡಿನ ಮಡಿಕೆ ಕೂರೋ ಹಾಗೆ ಗಾಡಿ ಕೊರೆದ ರಬ್ಬರ್ ಬೇಕು, ಇಲ್ಲಾಂದ್ರೆ ತಗಡು ಮಡಚಿಕೊಳ್ತದೆ.

ಕೊನೇದು ಗುಂಡಿ. ಅದು ಅಪ್ಪನ ಐಡಿಯಾ. "ಗುಂಡಿ ತೋಡಿ ಮ್ಯಾಲ ಗಾಡಿ ನಿಲ್ಸು, ಅದೇನ್ ಬೀಳ್ತೈತಿ?" ಅಂದ್ರು. ಬೀಳಲ್ಲ, ಖರೆ. ಆದ್ರೆ ಪೆಟ್ರೋಲ್ ಹೊಗೆ ಗಾಳಿಗಿಂತ ಭಾರ, ಅಡುಗೆ ಗ್ಯಾಸೂ ಗಾಳಿಗಿಂತ ಭಾರ. ಎರಡೂ ಹರ್ಕೊಂಡು ಬಂದು ಗುಂಡಿಯಲ್ಲಿ ಕೂಡ್ತವೆ. ಅಲ್ಲಿ ಒಂದು ಬಲ್ಬು ಒಡೆದ್ರೆ ಸಾಕು. ಮೇಲಾಗಿ ನಾಶಿಕ್ ಮಳೆಗೆ ಅದು ಗುಂಡಿ ಆಗಿ ಉಳಿಯಲ್ಲ, ಬಾವಿ ಆಗ್ತದೆ.

ಅಪ್ಪನಿಗೆ ನೆನಪಿದ್ದ ಲಿಫ್ಟ್ ಬೇರೆ. ಸರ್ವೀಸಿಂಗ್ ಸ್ಟೇಷನ್‌ನಲ್ಲಿ ಗಾಡಿ ತೊಳೆಯೋಕೆ ಒಂದೇ ಕಂಬದ್ದು ಇರ್ತಿತ್ತಲ್ಲ, ನೆಲದಿಂದ ಎದ್ದು ಬರೋದು, ಗಾಡಿ ಸಮೇತ ಗರಗರ ತಿರುಗೋದು. ಧಾರವಾಡದಲ್ಲಿ ಚಿಕ್ಕವನಿದ್ದಾಗ ಅದನ್ನ ನೋಡೋಕಂತಲೇ ನಾನು ಅಪ್ಪನ ಜೊತೆ ಹೋಗ್ತಿದ್ದೆ. ಈಗ ಓದಿ ತಿಳ್ಕೊಂಡೆ, ಜಗತ್ತಿನಲ್ಲಿ ಹೈಡ್ರಾಲಿಕ್ ಕಾರ್ ಲಿಫ್ಟ್ ಶುರುವಾದದ್ದೇ ಹಾಗೆ. ಅಮೆರಿಕದ ಮೆಂಫಿಸ್‌ನಲ್ಲಿ ಪೀಟರ್ ಲುನಾಟಿ ಅನ್ನೋ ಮೆಕ್ಯಾನಿಕ್, ಕ್ಷೌರದಂಗಡಿಯ ಕುರ್ಚಿ ಏರಿಳಿಯೋದು, ತಿರುಗೋದು ನೋಡಿ, ಕಾರನ್ನೂ ಹೀಗೆ ಯಾಕೆ ಎತ್ತಬಾರದು ಅಂದ್ಕೊಂಡ. ಸುಮಾರು ನೂರು ವರ್ಷದ ಹಿಂದೆ, 1925ರ ಸುಮಾರಿಗೆ.

ಸರಿ. ಇಷ್ಟೆಲ್ಲ ಶೀಟ್ ಮಾಡಿ ಕೂತಾಗ ಅಕ್ಕನ ಗಂಡನ ಫೋನ್ ಬಂತು. ಮಾಮಾ ಅಂತೀವಿ ನಾವು. ಅವರು ಇರೋದು ಛತ್ರಪತಿ ಸಂಭಾಜಿನಗರದಲ್ಲಿ. 2023ರಲ್ಲಿ ಹೆಸರು ಬದಲಾಯ್ತು, ಆದ್ರೆ ಅಪ್ಪನ ಬಾಯಲ್ಲಿ ಈಗಲೂ ಔರಂಗಾಬಾದೇ. ಮಾಮಾ ವಾಳೂಜ್‌ನಲ್ಲಿ ಬಿಡಿಭಾಗ ಮಾಡೋ ಕಂಪನಿಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಾರೆ. 1985ರಲ್ಲಿ ಬಜಾಜ್ ಕಾರ್ಖಾನೆ ಅಲ್ಲಿ ಶುರುವಾದ ಮೇಲೆ ಸುತ್ತಮುತ್ತ ಬೆಳೆದ ಊರು ಅದು, ಬೀದಿಗೊಂದು ಲೇತ್, ಗಲ್ಲಿಗೊಂದು ವೆಲ್ಡಿಂಗ್. ಮಾಮಾನ ಮನೆ ಹಿಂದೆ ಖಾಲಿ ಜಾಗದಲ್ಲಿ ಹದಿನೈದು ಅಡಿ ಎತ್ತರದ ತಗಡಿನ ಶೆಡ್ ಇದೆ. "ನಿನ್ನ ಪೋರ್ಚಿನ ಲೆಕ್ಕ ಬಿಡು ಮಾರಾಯಾ, ಇಲ್ಲಿ ಎರಡು ಕಂಬದ್ದು ಹಾಕೋಣ. ಅರ್ಧ ನಿಂದು, ಅರ್ಧ ನಂದು. ಬೊಲೆರೊ ಎಳ್ಕೊಂಡು ಬಾ" ಅಂದ್ರು.

ಶೆಡ್ ನೆಲ ಕಾಂಕ್ರೀಟು. ಕೊಟೇಶನ್ ತರಿಸಿದ್ವಿ. ಒಂದೂಕಾಲು ಲಕ್ಷದಿಂದ ಎರಡೂವರೆ ಲಕ್ಷದ ತನಕ ಬಂದವು. ಎಲ್ಲಕ್ಕಿಂತ ಕಡಿಮೆ ಹೇಳಿದ ಮಾರಾಟಗಾರ ಎಲ್ಲಕ್ಕಿಂತ ಸಿಹಿಯಾಗಿ ಮಾತಾಡ್ತಿದ್ದ. ನೆಲ ಎಷ್ಟು ದಪ್ಪ ಬೇಕು ಅಂತ ಕೇಳಿದ್ರೆ, "ನಾಲ್ಕು ಇಂಚು ಇದ್ರೆ ಸಾಕು ಸರ್, ನಿಮ್ದು ಇದೆಯಲ್ಲ, ಬೋಲ್ಟ್ ಹೊಡೆದು ಅದೇ ದಿನ ಗಾಡಿ ಎತ್ತಿ ತೋರಿಸ್ತೀವಿ" ಅಂದ. ಅಡಿಪಾಯದ ಡ್ರಾಯಿಂಗ್ ಕೇಳಿದ್ರೆ ವಾಟ್ಸ್ಯಾಪ್‌ನಲ್ಲಿ ಗಾಡಿ ಎತ್ತಿರೋ ಫೋಟೋ ಕಳಿಸಿದ. ಮಾಮಾಗೆ ಅವತ್ತೇ ಮುಂಗಡ ಕೊಡೋ ಅವಸರ.

ಇಲ್ಲಿ ಸ್ವಲ್ಪ ನಿಂತು ಒಂದು ವಿಷಯ ಹೇಳಬೇಕು. ಎರಡು ಕಂಬದ ಲಿಫ್ಟ್‌ನಲ್ಲಿ ಗಾಡಿಯ ಭಾರ ಕಂಬದ ತಲೆ ಮೇಲೆ ಕೂರಲ್ಲ. ತೋಳಿನ ತುದಿಯಲ್ಲಿ, ಕಂಬದಿಂದ ಹೆಚ್ಚುಕಡಿಮೆ ಒಂದು ಮೀಟರ್ ಒಳಗೆ ಕೂರ್ತದೆ. ಬೊಲೆರೊ ಅಂದ್ರೆ ಪ್ರತಿ ಕಂಬಕ್ಕೆ ಎಂಟುನೂರು ಚಿಲ್ಲರೆ ಕಿಲೋ. ಅಷ್ಟು ಭಾರವನ್ನ ಮೀಟರ್ ದೂರದಲ್ಲಿ ನೇತುಹಾಕಿದ್ರೆ ಕಂಬ ಗಾಡಿಯ ಕಡೆ ಬಾಗೋಕೆ ನೋಡ್ತದೆ. ಹಾಗೆ ಬಾಗದಂತೆ ಹಿಡಿಯೋದು ಯಾರು? ಬುಡದ ತಗಡಿನ ಹಿಂಬದಿಯ ಬೋಲ್ಟುಗಳು. ಬುಡದ ತಗಡು ಒಂದೂವರೆ ಅಡಿಯೂ ಇರಲ್ಲ, ಹಾಗಾಗಿ ಆ ಬೋಲ್ಟುಗಳನ್ನ ಮೇಲಕ್ಕೆ ಕೀಳೋ ಬಲ ಭಾರಕ್ಕಿಂತ ಒಂದೆರಡು ಪಟ್ಟು ಹೆಚ್ಚು ಆಗ್ತದೆ. ಅಂದ್ರೆ ನೆಲ ಆ ಲಿಫ್ಟನ್ನ ಹೊರೋದಷ್ಟೇ ಅಲ್ಲ, ಕಚ್ಚಿ ಹಿಡೀಬೇಕು. ಲಿಫ್ಟಿನ ಮೇಲೆ 4 ಟನ್ ಅಂತ ಬರೆದಿರೋದು ಕಬ್ಬಿಣದ ಮಾತು. ಕಾಂಕ್ರೀಟ್ ಆ ಮಾತಿಗೆ ಸಹಿ ಹಾಕಿರಲ್ಲ.

ನನಗಿದು ಓದಿ ಗೊತ್ತಾಯ್ತು. ಅಪ್ಪನಿಗೆ ಓದದೇ ಗೊತ್ತಿತ್ತು.

ಶೆಡ್ ನೋಡೋಕೆ ನಾವಿಬ್ಬರೂ ಹೋದ್ವಿ, ಸಿನ್ನರ್ ಹತ್ರ ಸಮೃದ್ಧಿ ಮಹಾಮಾರ್ಗ ಹತ್ತಿ. ಬೊಲೆರೊ ಅಲ್ಲ, ನನ್ನ ಕಾರಿನಲ್ಲಿ. ವೈಜಾಪುರ ದಾಟಿದ ಮೇಲೆ ಅಪ್ಪ ಕಿಟಕಿಯಾಚೆ ಹೊಲ ನೋಡ್ತಾ, "ನಮ್ಮ ಎರಿ ಹೊಲಾನ ಇಲ್ಲೆ ತಂದ್ ಹಾಸ್ಯಾರ ನೋಡು" ಅಂದ್ರು. ನಿಜ. ದಖ್ಖನ್ ಪ್ರಸ್ಥಭೂಮಿಯ ಕಪ್ಪು ಶಿಲೆ ಸವೆದು ಆದ ಎರೆಮಣ್ಣು ಆ ಭಾಗದಲ್ಲೂ ಹಾಸಿ ಬಿದ್ದಿದೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಕೈ ಇಳಿಯೋವಷ್ಟು ಬಿರುಕು ಬಿಡುತ್ತೆ.

ಶೆಡ್‌ಗೆ ಹೋದ ಮೇಲೆ ಮಾಮಾ ಉತ್ಸಾಹದಿಂದ ಕಂಬ ಎಲ್ಲಿ ಬರ್ತದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ ತೋರಿಸಿದ್ರು. ಅಪ್ಪ ಅದನ್ನ ನೋಡಲಿಲ್ಲ. ಮೂಲೆಯಿಂದ ಮೂಲೆಗೆ ಹೋದ ಒಂದು ಬಿರುಕಿನ ಮೇಲೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆದ್ರು. "ಅಳ್ಯಾರ, ಈ ಬಿರುಕು ಮಳಿಗಾಲದಾಗ ಕೂಡ್ತೈತೇನು?"

ಮಾಮಾ ಸ್ವಲ್ಪ ಯೋಚನೆ ಮಾಡಿ, "ಹೌದ್ರೀ, ಜುಲೈಯಾಗ ಕಾಣಂಗಿಲ್ಲ" ಅಂದ್ರು.

"ಅಂದ್ರ ನೆಲ ಉಸಿರಾಡಾಕತ್ತೈತಿ. ಇದರ ಮ್ಯಾಲ ಗಾಡಿ ತೂಗಹಾಕ್ತೀರೇನು?"

ಮಾಮಾಗೆ ಸಿಟ್ಟು ಬಂತು. ಮಾವನ ಎದುರು ಹೇಳಲಿಲ್ಲ, ಹೊರಗೆ ನನ್ನನ್ನ ಕರ್ಕೊಂಡು ಹೋಗಿ, ಹೊಲದ ಲೆಕ್ಕ ಬೇರೆ ಶೆಡ್ ಲೆಕ್ಕ ಬೇರೆ ಅಂತ ಒಂದು ಗಳಿಗೆ ಮಾತಾಡಿದ್ರು. ಇಬ್ಬರೂ ಇಂಜಿನಿಯರು ನಾವು. ಒಬ್ಬ ಮೆಕ್ಯಾನಿಕಲ್, ಒಬ್ಬ ಕಂಪ್ಯೂಟರ್ ಸೈನ್ಸ್. ಇಬ್ಬರಿಗೂ ಉತ್ತರ ಗೊತ್ತಿಲ್ಲ. ಕೊನೆಗೆ ಮಾಮಾನೇ ಅವರ ಕಂಪನಿಯಲ್ಲಿ ಮಷೀನು ಕೂರಿಸೋ ಕೆಲಸ ಮಾಡಿ ನಿವೃತ್ತರಾದ ಒಬ್ಬರನ್ನ ಕರೆಸಿದ್ರು.

ಅವರು ಬೀದರ್ ಜಿಲ್ಲೆ ಭಾಲ್ಕಿ ಕಡೆಯವರು. ನಾವು ಕಾಕಾ ಅಂತ ಕರೆದ್ವಿ. ಮರಾಠಿಯಲ್ಲಿ ಶುರು ಮಾಡಿದ್ರು, ನಮ್ಮ ಮನೆಮಾತು ಕೇಳಿದ ಕೂಡಲೇ ಕನ್ನಡಕ್ಕೆ ಹೊರಳಿದ್ರು. ಬೀದರ್, ಕಲಬುರಗಿ, ರಾಯಚೂರು, ಈ ಮರಾಠವಾಡಾ ಎಲ್ಲ 1956ರ ತನಕ ಒಂದೇ ಹೈದರಾಬಾದ್ ರಾಜ್ಯದಲ್ಲಿ ಇದ್ದವು. ನಾವು ಐಟಿಯವರು ಹೊರನಾಡಿಗೆ ಬಂದಿದೀವಿ ಅಂತ ಅಂದ್ಕೋತೀವಿ, ಅವರ ಲೆಕ್ಕದಲ್ಲಿ ಅವರು ಪಕ್ಕದ ಓಣಿಗೆ ಬಂದವರು. ಚಹಾ ಕುಡಿತಾ, ಎಲ್ಲೋರಾದ ಕೈಲಾಸ ನೋಡೀರೇನು ಅಂತ ಕೇಳಿದ್ರು. ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು, ಎಂಟನೇ ಶತಮಾನ, ಒಂದೇ ಬಂಡೆಯನ್ನ ಮೇಲಿಂದ ಕೆಳಗೆ ಕೆತ್ತಿದ್ದು. "ಅವರು ಕಳಸದಿಂದ ಶುರು ಮಾಡಿ ನೆಲಕ್ಕ ಬಂದ್ರು, ಯಾಕಂದ್ರ ಕೆಳಗ ಕಲ್ಲದ. ನಿಮ್ಮ ಕೆಳಗ ಏನದ?" ಅಂದ್ರು.

ನೋಡೋಕೆ ಅವರು ತಂದಿದ್ದು ಒಂದು ಹ್ಯಾಮರ್ ಡ್ರಿಲ್. ಕಂಬದ ಗುರುತಿನಿಂದ ಸ್ವಲ್ಪ ಪಕ್ಕಕ್ಕೆ ಮೂರು ಜಾಗ ಕೊರೆದ್ರು. ಮೊದಲನೇದು ಮೂರೂವರೆ ಇಂಚು ಹೋಗುವಷ್ಟರಲ್ಲಿ ಡ್ರಿಲ್ ಒಮ್ಮೆಲೇ ಒಳಗೆ ಜಾರಿತು. ಎರಡನೇದು ಮೂರು ಇಂಚಿಗೇ. ಮೂರನೇದರಲ್ಲಿ ಬಂದ ಪುಡಿ ನೋಡಿ, ಬೆರಳಲ್ಲಿ ಉಜ್ಜಿ, ನನ್ನ ಕೈಗೆ ಹಾಕಿದ್ರು. ಮರಳು. ಸಿಮೆಂಟ್ ಬರೀ ಹೆಸರಿಗೆ. ಆಮೇಲೆ ಒಂದು ಸೈಕಲ್ ಕಡ್ಡಿ ತೂತಿನಲ್ಲಿ ಬಿಟ್ರು, ಕಾಂಕ್ರೀಟ್ ದಾಟಿ ಕೆಳಗೆ ಇನ್ನೂ ಎರಡು ಬೆರಳು ಖಾಲಿ ಹೋಯ್ತು. ಬೇಸಿಗೆಯಲ್ಲಿ ಮಣ್ಣು ಕುಗ್ಗಿ ಸ್ಲ್ಯಾಬ್ ಕೆಳಗೆ ಪೊಳ್ಳಾಗಿತ್ತು.

ನನ್ನ ಪೋರ್ಚಿನ ಟೈಲ್ ಕೆಳಗೆ ಇದ್ದದ್ದೂ ಇದೇ.

ಮಾಮಾ ಏನೂ ಮಾತಾಡದೆ ಆ ಕಡ್ಡಿ ತಗೊಂಡು ಉಳಿದ ಎರಡು ತೂತಿನಲ್ಲೂ ಬಿಟ್ಟು ನೋಡಿದ್ರು. ಸಂಜೆ ಮಾರಾಟಗಾರನಿಗೆ ಫೋನ್ ಮಾಡಿ ಬೇಡ ಅಂದ್ರು. ಅವನು ಹದಿನೈದು ಸಾವಿರ ಇಳಿಸಿದ.

ಮುಂದೆ ಮಾಡಿದ್ದನ್ನ ಹೇಳ್ತೀನಿ. ಇದನ್ನ ನಕಲು ಮಾಡಬೇಡಿ, ನಿಮ್ಮ ಮಣ್ಣಿಗೆ ನಿಮ್ಮ ಊರಿನ ಸ್ಟ್ರಕ್ಚರಲ್ ಇಂಜಿನಿಯರನ್ನ ಕೇಳ್ರಿ. ನಾವೂ ಹಣ ಕೊಟ್ಟೇ ಕೇಳಿದ್ವಿ. ಎರಡೂ ಕಂಬ ಬರೋ ಜಾಗದಲ್ಲಿ ಹಳೇ ನೆಲ ಒಡೆದು, ಎರೆಮಣ್ಣು ಪೂರ್ತಿ ತೆಗೆದು, ಗಟ್ಟಿ ಗರಸು ಸಿಗೋ ತನಕ ಇಳಿದ್ವಿ. ಇಲ್ಲಿ ಮುರುಮ ಅಂತಾರೆ. ಹೊರಗಿನ ಮುರುಮ ತಂದು ಅರ್ಧ ಅರ್ಧ ಅಡಿ ಪದರ ಹಾಕಿ, ನೀರು ಚಿಮುಕಿಸಿ, ಕುಟ್ಟಿಸಿ ತುಂಬಿದ್ವಿ. ಅದರ ಮೇಲೆ ಬಡ ಕಾಂಕ್ರೀಟು, ಅದರ ಮೇಲೆ ಹತ್ತು ಇಂಚಿನ ಎಂ25 ಕಾಂಕ್ರೀಟು, ಮೇಲೊಂದು ಕೆಳಗೊಂದು ಸರಳಿನ ಜಾಳಿಗೆ. ಮುಖ್ಯ ಅಂದ್ರೆ ಎರಡು ಕಂಬಕ್ಕೆ ಎರಡು ಬೇರೆ ಬೇರೆ ಗುಂಡಿ ಅಲ್ಲ, ಎರಡಕ್ಕೂ ಸೇರಿ ಒಂದೇ ಹಾಸು. ಮುಂದೆ ಮಣ್ಣು ಅಲುಗಿದ್ರೂ ಕಂಬ ಎರಡೂ ಜೊತೆಯಲ್ಲಿ ಅಲುಗಬೇಕು, ಒಂದು ಏರಿ ಒಂದು ಇಳೀಬಾರದು. ಶೆಡ್ಡಿನ ತಗಡಿಂದ ಬೀಳೋ ಮಳೆನೀರಿಗೆ ದೋಣಿ ಕಟ್ಟಿ ದೂರ ಬಿಟ್ವಿ.

ಆಮೇಲೆ ಕಾಯೋದು. ಎಂ25 ಅಂದ್ರೆ 28 ದಿನ ಆದ ಮೇಲೆ ಆ ಬಲ ಬರೋದು. ದಿನಾ ನೀರು ಹಾಕಬೇಕು. ಅಪ್ಪ ಅಲ್ಲೇ ಉಳಿದುಬಿಟ್ರು, ಅಕ್ಕನ ಮನೆಯಲ್ಲಿ. ಬೆಳಗ್ಗೆ ಸಂಜೆ ಗೋಣಿತಾಟು ತೋಯಿಸೋದು ಅವರ ಕೆಲಸ. ಮಾಮಾಗೆ ಇಪ್ಪತ್ತನೇ ದಿನ ತಾಳ್ಮೆ ಹೋಯ್ತು, ಸಾಕಲ್ಲ ಬೋಲ್ಟ್ ಹೊಡೆಸೋಣ ಅಂದ್ರು. ಅಪ್ಪ, "ಹಸಿ ಬಾಣಂತಿನ್ನ ನೀರಿಗೆ ಕಳಸ್ತೀರೇನು?" ಅಂದ್ರಂತೆ. ಇದನ್ನ ಅಕ್ಕ ಫೋನ್‌ನಲ್ಲಿ ನಗ್ತಾ ಹೇಳಿದ್ಲು.

ಲಿಫ್ಟ್ ತಗೊಂಡದ್ದು ನಡುವಿನ ದರದ್ದು. ನೋಡಿದ್ದು ಇಷ್ಟು: ಡ್ರಾಯಿಂಗ್ ಕೊಡ್ತಾರಾ, ಬೋಲ್ಟ್ ಎಷ್ಟು ಬಿಗಿ ಮಾಡಬೇಕು ಅಂತ ಬರೆದು ಕೊಡ್ತಾರಾ, ಎರಡು ಕಂಬದಲ್ಲೂ ಬೇರೆ ಬೇರೆ ಯಾಂತ್ರಿಕ ಲಾಕ್ ಇದೆಯಾ, ಎರಡು ಬದಿ ಸಮ ಏರೋಕೆ ಕೇಬಲ್ ಇದೆಯಾ, ತೋಳು ಎತ್ತಿದ ಮೇಲೆ ತಾನೇ ತಿರುಗದಂತೆ ಹಲ್ಲಿನ ತಡೆ ಇದೆಯಾ. ಯುರೋಪಿನಲ್ಲಿ ಇಂಥ ಲಿಫ್ಟ್‌ಗೆ ಇಎನ್ 1493 ಅಂತ ಮಾನದಂಡ ಇದೆ, ಅಮೆರಿಕದಲ್ಲಿ ಎಎಲ್‌ಐ ಮುದ್ರೆ ಇದೆ. ಅಲ್ಲಿರೋ ನಮ್ಮವರು ಆ ಮುದ್ರೆ ನೋಡದೆ ಆನ್‌ಲೈನ್‌ನಲ್ಲಿ ಅಗ್ಗದ್ದು ತರಿಸಬೇಡಿ. ಅಲ್ಲಿ ಮಾಮೂಲಿ ಗ್ಯಾರೇಜಿನ ನೆಲ ನಾಲ್ಕು ಇಂಚು ಇರಬಹುದು, ಇಲ್ಲದೆಯೂ ಇರಬಹುದು, ಕೊರೆದು ನೋಡ್ರಿ. ಬಿರುಕು, ಸಂದು, ಅಂಚು ಇವುಗಳ ಹತ್ರ ಬೋಲ್ಟ್ ಹೊಡೆಯಂಗಿಲ್ಲ.

ಕರೆಂಟ್ ಬಗ್ಗೆ ಎರಡು ಮಾತು. ಮೋಟಾರ್ ಸಾಮಾನ್ಯವಾಗಿ 2.2 ಕಿಲೋವ್ಯಾಟ್, ಮೂರು ಎಚ್‌ಪಿ. ಸಿಂಗಲ್ ಫೇಸ್‌ದು ಸಿಗ್ತದೆ, ಆದ್ರೆ ಶುರುವಾಗುವಾಗ ಬಹಳ ಎಳೀತದೆ, ಗೀಸರ್ ಸಾಕೆಟ್‌ಗೆ ಚುಚ್ಚೋ ವಸ್ತು ಅಲ್ಲ, ಅದಕ್ಕೇ ಬೇರೆ ಲೈನು, ಬೇರೆ ಎಂಸಿಬಿ. ಇನ್ನೊಂದು ಯಾರೂ ಹೇಳಲ್ಲ. ಗಾಡಿ ಎತ್ತಿದ ಮೇಲೆ ಎಣ್ಣೆಯ ಒತ್ತಡದ ಮೇಲೆ ಬಿಡಬಾರದು, ಸ್ವಲ್ಪ ಇಳಿಸಿ ಲಾಕಿನ ಮೇಲೆ ಕೂರಿಸಬೇಕು. ಈಗ ಇಳಿಸಬೇಕಂದ್ರೆ ಮೊದಲು ಒಂದೆರಡು ಇಂಚು ಎತ್ತಿ ಲಾಕ್ ಬಿಡಿಸಬೇಕು. ಎತ್ತೋಕೆ ಕರೆಂಟ್ ಬೇಕು. ಸಂಜೆ ಐದಕ್ಕೆ ಲೈಟ್ ಹೋದ್ರೆ ಗಾಡಿ ಆಕಾಶದಲ್ಲೇ. ಆ ಗಾಡಿಯಲ್ಲೇ ಮಗುವನ್ನ ಟ್ಯೂಶನ್‌ನಿಂದ ತರಬೇಕಿದ್ರೆ ಆಟೋ ಹಿಡೀರಿ.

ಮೂವತ್ತನೇ ದಿನ ಬೊಲೆರೊ ಟೋವಿಂಗ್ ಗಾಡಿ ಮೇಲೆ ವಾಳೂಜ್‌ಗೆ ಬಂತು. ಕಾಕಾ ಬಂದಿದ್ರು. ನಾಲ್ಕು ಪ್ಯಾಡು ಚಾಸಿಗೆ ಕೂಡಿಸಿ, ಚಕ್ರ ನೆಲದಿಂದ ನಾಲ್ಕು ಬೆರಳು ಎದ್ದ ಕೂಡಲೇ ನಿಲ್ಲಿಸಿದ್ರು. ಬಂಪರ್ ಹಿಡಿದು ಜೋರಾಗಿ ತಳ್ಳಿದ್ರು, ಮುಂದಿಂದ, ಹಿಂದಿಂದ. ಬೀಳೋದಿದ್ರೆ ಈಗ ಬೀಳ್ಲಿ ಅಂತ. ಆಮೇಲೆ ಮೇಲೆ. ಲಾಕ್ ಎರಡೂ ಕಡೆ ಒಂದೇ ಸಲ ಟಕ್ ಟಕ್ ಅನ್ನಬೇಕು, ಕೇಳ್ತಾ ಇರಬೇಕು. ಇಂಜಿನ್ ಮುಂದಿರೋ ಗಾಡಿ, ಮುಂಭಾರ ಹೆಚ್ಚು. ಮುಂದೆ ಯಾವತ್ತಾದ್ರೂ ಹಿಂದಿನ ಆಕ್ಸಲ್ ಇಳಿಸಿದ್ರೆ ತೂಕದ ಲೆಕ್ಕವೇ ಬದಲಾಗಿ ಮೂಗು ಕೆಳಗೆ ಹಾಕ್ತದೆ, ಅದಕ್ಕೆ ಎತ್ತರದ ಒಂದು ಆಸರೆ ಕಂಬ ಮುಂದೆ ಕೊಡಬೇಕು ಅಂತ ಕಾಕಾ ಗೋಡೆ ಮೇಲೆ ಬರೆಸಿದ್ರು.

ನಾನು ಕೆಳಗೆ ಹೋಗೋಕೆ ಹೆಜ್ಜೆ ಎತ್ತಿದೆ, ಆಗಲಿಲ್ಲ. ನಿಜ ಹೇಳ್ತೀನಿ, ಕಾಲು ಬರಲಿಲ್ಲ. ಕಿವಿಯಲ್ಲಿ ಆ "ಟಪ್" ಇತ್ತು. ಅಪ್ಪ ನನ್ನ ದಾಟಿ ಹೋದ್ರು. ಎಪ್ಪತ್ತೊಂದು ವಯಸ್ಸು. ನೆಟ್ಟಗೆ ಗಾಡಿ ಕೆಳಗೆ ನಿಂತು, ಕತ್ತೆತ್ತಿ, ಚಾಸಿ ಉದ್ದಕ್ಕೂ ಬೆರಳಾಡಿಸಿದ್ರು. ಒಣಗಿ ಕಲ್ಲಾದ ಮಣ್ಣಿನ ಹೆಂಟೆ ಒಂದು ಮೂಲೆಯಲ್ಲಿ ಹತ್ತಿಕೊಂಡಿತ್ತು. ಉಗುರಲ್ಲಿ ಕಿತ್ತು ನೋಡಿ, "ನವಲಗುಂದದ್ದು" ಅಂದ್ರು. ಸಂಭಾಜಿನಗರದ್ದೂ ಆಗಿರಬಹುದಿತ್ತು, ಬಣ್ಣ ಒಂದೇ. ನಾನು ವಾದ ಮಾಡಲಿಲ್ಲ. "ಬಾರೋ, 17ರ ಪಾನಾ ತಗೊಂಡು ಬಾ" ಅಂದ್ರು. ಹೋದೆ.

ಕ್ಲಚ್ ಕೆಲಸ ಎರಡು ದಿನ ಹಿಡೀತು. ಗೇರ್‌ಬಾಕ್ಸ್ ಜಾಕ್ ಮೇಲೆ ಇಳಿಸಿದ್ವಿ, ಯಾರೂ ಎದೆ ಮೇಲೆ ಹೊರಲಿಲ್ಲ. ನಾಶಿಕ್ ಮನೆಗೆ ಆ ಜೋಡಿ ಫ್ರೇಮು ತಗೊಂಡೆ, ಎಣ್ಣೆ, ಬ್ರೇಕು ಅಂಥ ಸಣ್ಣ ಕೆಲಸಕ್ಕೆ. ಅದಕ್ಕೂ ಮೊದಲು ಪೋರ್ಚಿನ ಟೈಲ್ಸ್ ಕಿತ್ತು ಕಾಂಕ್ರೀಟ್ ಹಾಕಿಸಿದೆ. ಟೈಲ್ಸ್ ಹೆಂಡತಿ ಆರಿಸಿದ್ದು, ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. (ನಗು) ಫ್ಲ್ಯಾಟ್‌ನಲ್ಲಿ, ಸ್ಟಿಲ್ಟ್ ಪಾರ್ಕಿಂಗ್‌ನಲ್ಲಿ ಇರೋರಿಗೆ ನನ್ನ ಹತ್ರ ಉತ್ತರ ಇಲ್ಲ: ಅಲ್ಲಿ ಎತ್ತರ ನಿಮ್ಮದಲ್ಲ, ನೆಲ ಸೊಸೈಟಿದು, ಪರಿಚಯದ ಗ್ಯಾರೇಜಿನವರ ಹತ್ರ ಭಾನುವಾರ ಒಂದು ಲಿಫ್ಟ್ ಬಾಡಿಗೆ ಕೇಳ್ರಿ.

ವಾಳೂಜ್‌ನ ಬೋಲ್ಟುಗಳನ್ನ ಮೊದಲ ವಾರ ಒಂದ್ಸಲ, ಆಮೇಲೆ ತಿಂಗಳಿಗೊಮ್ಮೆ ಟಾರ್ಕ್ ಪಾನಾ ಹಾಕಿ ನೋಡ್ತೀವಿ. ಮಳೆಗಾಲದ ಮೊದಲು ಮತ್ತು ನಂತರ ಕಂಬಕ್ಕೆ ತೂಗುಗುಂಡು ಬಿಟ್ಟು ನೆಟ್ಟಗಿದೆಯಾ ನೋಡೋದು ಅಪ್ಪನ ಕೆಲಸ, ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ತಾರೀಕು ಹಾಕಿ ಬರೀತಾರೆ. ಇಲ್ಲಿ ತನಕ ಎರಡು ಮಳೆಗಾಲ ಆಗಿವೆ.

ಪ್ರಶ್ನೆ ಇದ್ರೆ ಕೆಳಗೆ ಕೇಳ್ರಿ. ಆದ್ರೆ ನೆಲದ ಫೋಟೋ ಕಳಿಸಿ "ಇದು ಆಗ್ತದಾ?" ಅಂತ ಕೇಳಬೇಡಿ. ಫೋಟೋದಲ್ಲಿ ನನ್ನ ಪೋರ್ಚ್ ಬಹಳ ಚೆನ್ನಾಗಿ ಕಾಣ್ತಿತ್ತು.